ಘಟ್ಟದ ಮೇಲೆ ಕೊಳೆ, ಘಟ್ಟದ ಕೆಳಗೆ ಕಡಲಾಮೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ಜೀವಿಗಳು ವರ್ಷವರ್ಷವೂ ಸುದ್ದಿಯಾಗುತ್ತವೆ. ಆಷಾಢ, ಶ್ರಾವಣದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಂದ ಕೊಳೆರೋಗದ ಸುದ್ದಿ ಬರುತ್ತದೆ. ಮಾಘ, ಫಾಲ್ಗುಣದಲ್ಲಿ ಕಾರವಾರ, ಹೊನ್ನಾವರದ ಕಡಲತೀರದಿಂದ ಆಲಿವ್ ರಿಡ್ಲೆ ಆಮೆ ಮೊಟ್ಟೆಯಿಟ್ಟ ಸುದ್ದಿ ಬರುತ್ತದೆ. ಒಂದನ್ನು ಕೊಲ್ಲಲು ಮನೆಮನೆಯಲ್ಲಿ ಮೈಲುತುತ್ತ ಕರಗುತ್ತದೆ. ಇನ್ನೊಂದನ್ನು ಉಳಿಸಲು ಮರಳಿನ ಮೇಲೆ ಬೇಲಿ ಏಳುತ್ತದೆ. ತೋಟಗಾರಿಕೆಯವರು ಆಮೆಯ ವಿಷಯಕ್ಕೆ ಹೋಗುವುದಿಲ್ಲ, ವನ್ಯಜೀವಿಯವರು ಕೊಳೆಯ ವಿಷಯಕ್ಕೆ ಬರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಪ್ರಯತ್ನ ಈ ಲೇಖನದ್ದು. ಹಾಗೆ ನೋಡಿದಾಗ ನನಗೆ ಕಂಡದ್ದು ಇಷ್ಟು: ಎರಡೂ ಕಡೆ ನಮ್ಮ ಶ್ರಮವೆಲ್ಲ ಕಣ್ಣಿಗೆ ಬೀಳುವ ಹಂತದ ಮೇಲೆ ಸುರಿಯುತ್ತಿದೆ. ಆ ಜೀವಿಯ ಅಳಿವು ಉಳಿವು ತೀರ್ಮಾನವಾಗುವುದು ಬೇರೊಂದು ಹಂತದಲ್ಲಿ. ಆಮೆಯಲ್ಲಿ ಆ ಹಂತ ಮೊಟ್ಟೆಯಾದ ಎಷ್ಟೋ ವರ್ಷಗಳ ನಂತರದ್ದು. ಕೊಳೆಯಲ್ಲಿ ಮೊದಲ ಕಾಯಿ ಉದುರುವುದಕ್ಕೂ ಮುಂಚಿನದ್ದು.

ಕೊಳೆಯಿಂದ ಶುರುಮಾಡುತ್ತೇನೆ. ಈ ಮೂರು ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ 1923ರಿಂದ ಇದೇ ಅಡಿಕೆಯ ಮೇಲೆ ನಿಂತಿದೆ. ಇಲ್ಲಿನ ಮನೆಗಳ ಮದುವೆ, ಓದು, ಆಸ್ಪತ್ರೆ ಎಲ್ಲವೂ ಚಾಲಿ, ರಾಶಿ ಎಂಬ ಅಡಿಕೆ ಬಗೆಗಳ ದರದ ಜೊತೆ ಏರಿಳಿಯುತ್ತವೆ. ಆ ಅಡಿಕೆ ಎಳೆಗಾಯಾಗಿ ಕೊನೆಯಲ್ಲಿ ನೇತಾಡುವ ತಿಂಗಳುಗಳೂ ಮುಂಗಾರು ಬಿಡದೆ ಸುರಿಯುವ ತಿಂಗಳುಗಳೂ ಒಂದೇ. ಕೊಳೆರೋಗದ ಮೂಲ ಕಷ್ಟ ಅಲ್ಲಿದೆ.

ರೋಗ ತಗುಲಿದ ಕಾಯನ್ನು ಹತ್ತಿರದಿಂದ ನೋಡಬೇಕು. ಮೊದಲು ತೊಟ್ಟಿನ ಬಳಿ ನೀರು ಹೀರಿದಂಥ ಗಾಢ ಹಸಿರು ಮಚ್ಚೆ ಕಾಣುತ್ತದೆ. ಮಚ್ಚೆ ಹರಡಿದಂತೆ ಕಾಯಿಯ ಸಹಜ ಹೊಳಪು ಹೋಗುತ್ತದೆ, ತೊಟ್ಟು ಸಡಿಲವಾಗಿ ಕಾಯಿ ಉದುರುತ್ತದೆ. ಬಿದ್ದ ಕಾಯನ್ನು ಒದ್ದೆ ನೆಲದಲ್ಲಿ ಎರಡು ದಿನ ಬಿಟ್ಟರೆ ಅದರ ಸುತ್ತ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ತೋಟಕ್ಕೆ ಇಳಿದವರ ಕಣ್ಣಿಗೆ ಮರದ ಬುಡದಲ್ಲಿ ಬಿಳಿ ಕಾಯಿಗಳ ರಾಶಿ ಬಿದ್ದರೆ ಆ ಮನೆಯಲ್ಲಿ ಅಂದು ಬೇರೆ ಮಾತಿಲ್ಲ.

ಈ ರೋಗಕ್ಕೆ ಕಾರಣವೇನೆಂದು ವೈಜ್ಞಾನಿಕವಾಗಿ, ವಿವರವಾಗಿ ತಿಳಿದದ್ದು 1910ರಲ್ಲಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಎರಡೇ ವರ್ಷದಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಒಂದು ಪುಸ್ತಿಕೆ ಪ್ರಕಟಿಸಿ, ಫೈಟಾಫ್ತೊರಾ ಕುಲದ ಜೀವಿಯೇ ಇದಕ್ಕೆ ಕಾರಣ ಎಂದು ತೋರಿಸಿದರು, ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆದರೆ ಮೈಸೂರು ಸಂಸ್ಥಾನದ ಸಾಗರ ತಾಲ್ಲೂಕಿನ ತೋಟದ ಕೊಳೆಗೂ ಸಿದ್ದಾಪುರದ ತೋಟದ ಕೊಳೆಗೂ ಗಡಿ ಇರಲಿಲ್ಲ, ಮದ್ದಿಗೂ ಇರಲಿಲ್ಲ. ಕರ್ನಾಟಕದ ತೋಟಗಳಲ್ಲಿ ಈ ರೋಗ ತರುವುದು ಮುಖ್ಯವಾಗಿ ಫೈಟಾಫ್ತೊರಾ ಮೀಡಿಯೈ ಎಂಬ ಪ್ರಭೇದ ಎಂಬುದು ಈಚಿನ ಅಧ್ಯಯನಗಳ ತಿಳಿವಳಿಕೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದದ್ದೂ ಇದೇ ಕುಲದ ಇನ್ನೊಂದು ಪ್ರಭೇದ.

ನಾವು ಬೂಷ್ಟು ಎಂದೇ ಕರೆದರೂ ಇದು ನಿಜವಾದ ಶಿಲೀಂಧ್ರವಲ್ಲ. ಶಿಲೀಂಧ್ರಗಳ ಕೋಶಭಿತ್ತಿ ಕೈಟಿನ್ನಿನದು, ಇದರದು ಸೆಲ್ಯುಲೋಸಿನದು. ವಂಶಾವಳಿ ಹುಡುಕುತ್ತ ಹೋದರೆ ಇದರ ಹತ್ತಿರದ ನೆಂಟರು ಸಿಗುವುದು ಸಮುದ್ರದಲ್ಲಿ, ಕಂದು ಪಾಚಿಗಳ ಗುಂಪಿನಲ್ಲಿ. ಆ ನೀರಿನ ಮೂಲ ಇದರ ಸಂತಾನ ಬೆಳೆಯುವ ರೀತಿಯಲ್ಲಿ ಈಗಲೂ ಉಳಿದಿದೆ. ಒದ್ದೆ ಕಾಯಿಯ ಮೇಲೆ ಸೂಕ್ಷ್ಮವಾದ ಬೀಜಚೀಲಗಳು ಮೂಡುತ್ತವೆ. ಮಳೆಹನಿ ಸಿಡಿದಾಗ, ಗಾಳಿಮಳೆ ಬೀಸಿದಾಗ ಅವು ಕೊನೆಯಿಂದ ಕೊನೆಗೆ, ಮರದಿಂದ ಮರಕ್ಕೆ ಹಾರುತ್ತವೆ. ಕಾಯಿಯ ಮೇಲೆ ನೀರಿನ ತೆಳು ಪದರ ಇದ್ದರೆ ಚೀಲ ಒಡೆದು ಎರಡೆರಡು ಬಾಲದ ಚರಬೀಜಕಗಳು ಹೊರಬಂದು ಈಜುತ್ತವೆ. ನೀರು ಆರಿದರೆ ಅವು ಅಲ್ಲಿಗೇ ಸತ್ತವು. ಉಷ್ಣತೆ 20ರಿಂದ 23 ಡಿಗ್ರಿ, ಗಾಳಿಯಲ್ಲಿ ಶೇಕಡಾ 90ಕ್ಕೂ ಮೀರಿದ ತೇವ, ನಡುನಡುವೆ ಸ್ವಲ್ಪ ಹೊಳವಾಗಿ ಬಿಸಿಲು ಇಣುಕುವ ಮಳೆ ಇದ್ದರೆ ಕೊಳೆಗೆ ಅದೇ ಹಬ್ಬ. ಶಿರಸಿಯ ಪಶ್ಚಿಮ ಸೀಮೆಯಲ್ಲಿ, ಸಿದ್ದಾಪುರದ ಘಟ್ಟದಂಚಿನಲ್ಲಿ ಈ ಹವೆ ವಾರಗಟ್ಟಲೆ ನಿಲ್ಲುತ್ತದೆ. ಅದೇ ಶಿರಸಿ ತಾಲ್ಲೂಕಿನ ಬನವಾಸಿ ಕಡೆ ಮಳೆ ಎಷ್ಟೋ ಕಡಿಮೆ, ಕೊಳೆಯ ಕಾಟವೂ ಕಡಿಮೆ.

ಇನ್ನು ಆಮೆ. ಆಲಿವ್ ರಿಡ್ಲೆ ಕಡಲಾಮೆಗಳಲ್ಲಿ ಚಿಕ್ಕದು. ಚಿಪ್ಪಿನ ಉದ್ದ 60-70 ಸೆಂಟಿಮೀಟರ್, ತೂಕ ಸಾಮಾನ್ಯವಾಗಿ 35ರಿಂದ 50 ಕಿಲೊ. ಒಡಿಶಾದ ಗಹಿರಮಥಾ, ಋಷಿಕುಲ್ಯಾ ತೀರಗಳಲ್ಲಿ ಇವು ಲಕ್ಷಾಂತರ ಸಂಖ್ಯೆಯಲ್ಲಿ ಒಟ್ಟಿಗೇ ಏರಿ ಬಂದು ಮೊಟ್ಟೆಯಿಡುತ್ತವೆ. ನಮ್ಮ ಪಶ್ಚಿಮ ತೀರದಲ್ಲಿ ಅಂಥ ಜಾತ್ರೆ ಇಲ್ಲ. ಇಲ್ಲಿ ಒಂದೊಂದೇ ಹೆಣ್ಣು, ಡಿಸೆಂಬರಿನಿಂದ ಮಾರ್ಚ್ ನಡುವಿನ ರಾತ್ರಿಗಳಲ್ಲಿ, ಜನಸಂಚಾರ ಇಳಿದ ಮೇಲೆ ದಡ ಏರುತ್ತದೆ. ಹೊನ್ನಾವರದ ಕಾಸರಕೋಡ ಟೊಂಕ ಇಂಥ ತೀರಗಳಲ್ಲಿ ಒಂದು. ಅಲ್ಲಿ ಬಂದರು ನಿರ್ಮಾಣವನ್ನು ವಿರೋಧಿಸುತ್ತ ಬಂದ ಮೀನುಗಾರರು ತಮ್ಮ ಬದುಕಿನ ಪ್ರಶ್ನೆಯ ಜೊತೆಗೆ ಆಮೆಯ ಗೂಡುಗಳನ್ನೂ ಮುಂದಿಟ್ಟಿದ್ದಾರೆ.

ಆಮೆ ಹಿಂಗಾಲುಗಳಿಂದ ಮರಳನ್ನು ಬಗೆದು ಮೊಣಕೈಯಾಳದ ಹೂಜಿಯಾಕಾರದ ಗುಂಡಿ ತೋಡುತ್ತದೆ. ಅದರೊಳಗೆ ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ತನ್ನ ಮೈಯನ್ನೇ ಅತ್ತಿತ್ತ ಕುಕ್ಕಿ ಮರಳನ್ನು ಗಟ್ಟಿಮಾಡುತ್ತದೆ. ಮೊಟ್ಟೆ ದುಂಡು, ಬಿಳಿ, ಮೆತ್ತನೆ ಚಿಪ್ಪಿನದು; ಅಡ್ಡಗಾತ್ರ ಸುಮಾರು 4 ಸೆಂಟಿಮೀಟರ್. ಆಮೇಲೆ ತಾಯಿ ತಿರುಗಿ ನೋಡುವುದಿಲ್ಲ. 45ರಿಂದ 60 ದಿನಗಳಲ್ಲಿ ಮರಳಿನ ಶಾಖದಿಂದಲೇ ಮರಿಗಳು ಒಡೆದು ಬರುತ್ತವೆ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನೂ ಆ ಶಾಖವೇ ನಿರ್ಧರಿಸುತ್ತದೆ. ಸುಮಾರು 29-30 ಡಿಗ್ರಿಯ ಮೇಲೆ ಹೋದಷ್ಟೂ ಹೆಣ್ಣುಮರಿಗಳು ಹೆಚ್ಚು, ಕೆಳಗಿಳಿದಷ್ಟೂ ಗಂಡುಮರಿಗಳು.

ಇವೆರಡನ್ನು ಪಕ್ಕಪಕ್ಕ ಇಟ್ಟಾಗ ಮೊದಲು ಕಾಣುವುದು ಒಂದು ತಿರುವುಮುರುವು. ಆಮೆ ಇಡೀ ಬದುಕನ್ನು ನೀರಿನಲ್ಲಿ ಕಳೆದರೂ ಸಂತಾನಕ್ಕೆ ಒಣ ಮರಳು ಬೇಕು. ಮೊಟ್ಟೆ ನೀರಿನಲ್ಲಿ ಮುಳುಗಿದರೆ ಉಸಿರುಕಟ್ಟಿ ಸಾಯುತ್ತದೆ. ಕೊಳೆ ಇಡೀ ಬದುಕನ್ನು ನೆಲದ ಮೇಲೆ, ಮರದ ಮೇಲೆ ಕಳೆದರೂ ಸಂತಾನಕ್ಕೆ ನೀರು ಬೇಕು. ಬೀಜಕ ಒಣಗಿದರೆ ಸಾಯುತ್ತದೆ. ಆದ್ದರಿಂದ ಇಬ್ಬರ ಪಂಚಾಂಗವೂ ಒಂದಕ್ಕೊಂದು ಎದುರು. ಟೊಂಕದ ಮರಳಿನಿಂದ ಕೊನೆಯ ಮರಿಗಳು ಕಡಲಿಗಿಳಿದ ಮೇಲೆ, ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ, ಘಟ್ಟದ ಮೇಲೆ ಕೊಳೆಯ ಕಾಲ ತೆರೆಯುತ್ತದೆ. ಜಿಲ್ಲೆಯ ಒಣ ಅರ್ಧವರ್ಷ ಆಮೆಯದು, ಒದ್ದೆ ಅರ್ಧವರ್ಷ ಕೊಳೆಯದು.

ಸಾಮ್ಯವೂ ಇದೆ. ಇಬ್ಬರೂ ಅಪಾರ ಸಂಖ್ಯೆಯಲ್ಲಿ ಹೆರುತ್ತಾರೆ, ಹೆತ್ತದ್ದರಲ್ಲಿ ಬಹುಪಾಲು ನಾಶವಾಗುತ್ತದೆ. ಆದರೆ ಸಂಖ್ಯೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಎರಡೂ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ಈ ಲೇಖನದ ತಿರುಳು ಇರುವುದು ಈ ವ್ಯತ್ಯಾಸದಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ದಕ್ಷಿಣ ಆಫ್ರಿಕಾದ ಸಸ್ಯರೋಗ ವಿಜ್ಞಾನಿ ವ್ಯಾನ್ ಡರ್ ಪ್ಲ್ಯಾಂಕ್ 1963ರಲ್ಲಿ ಸಸ್ಯರೋಗಗಳ ಹಬ್ಬುವಿಕೆಯ ಬಗ್ಗೆ ಒಂದು ಪುಸ್ತಕ ಬರೆದರು. ಒಂದೇ ಹಂಗಾಮಿನಲ್ಲಿ ಮತ್ತೆ ಮತ್ತೆ ಸುತ್ತು ಹಾಕುವ ರೋಗಗಳನ್ನು ಅವರು ಚಕ್ರಬಡ್ಡಿಯ ರೋಗಗಳೆಂದು ಕರೆದರು. ಕೊಳೆ ಆ ಜಾತಿಯದು. ತಗುಲಿದ ಕಾಯಿ ಕೆಲವೇ ದಿನಗಳಲ್ಲಿ ಹೊಸ ಬೀಜಚೀಲಗಳನ್ನು ಬಿಡಲು ಸಿದ್ಧವಾಗುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಒಂದು ಕಾಯಿ ಒಂದು ಸುತ್ತಿನಲ್ಲಿ ಹತ್ತು ಕಾಯಿಗಳಿಗೆ ರೋಗ ದಾಟಿಸುತ್ತದೆ. ನಾಲ್ಕನೆಯ ಸುತ್ತಿಗೆ ಅದು ಹತ್ತು ಸಾವಿರ ಕಾಯಿ. ಸುತ್ತಿಗೆ ಒಂದು ವಾರ ಹಿಡಿದರೂ ತಿಂಗಳೊಳಗೆ ಒಂದು ತೋಟ ಬೋಳಾಗಬಹುದು. ಮೊದಲ ಸುತ್ತಿಗೂ ಮುಂಚೆ ನೂರು ಕಾಯಿಯ ಸೋಂಕನ್ನು ಹತ್ತಕ್ಕೆ ಇಳಿಸಿದರೆ ಕೊನೆಯ ಲೆಕ್ಕವೂ ಹತ್ತನೇ ಒಂದು ಪಾಲಾಗುತ್ತದೆ. ನಾಲ್ಕನೆಯ ಸುತ್ತಿನ ನಂತರ ಎಷ್ಟು ಮದ್ದು ಹೊಡೆದರೂ ಉದುರಿದ ಕಾಯಿ ಮರಕ್ಕೆ ಮರಳುವುದಿಲ್ಲ.

ಆಮೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಅದು ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷ ಬೇಕು. ಒಂದು ಹೆಣ್ಣು ಬದುಕಿನಲ್ಲಿ ಹತ್ತು ಬಾರಿ ಹಂಗಾಮಿಗೆ ಬಂತು, ಪ್ರತಿ ಬಾರಿ ಎರಡು ಗೂಡು ಮಾಡಿತು ಎಂದಿಟ್ಟುಕೊಂಡರೆ ಒಟ್ಟು ಎರಡು ಸಾವಿರ ಮೊಟ್ಟೆ. ಸಂತತಿ ಏರದೆ ಇಳಿಯದೆ ನಿಲ್ಲಬೇಕಾದರೆ ಆ ಎರಡು ಸಾವಿರದಲ್ಲಿ ಎರಡು ಪ್ರಾಯಕ್ಕೆ ಬಂದರೆ ಸಾಕು, ಅಂದರೆ ಸಾವಿರಕ್ಕೆ ಒಂದು. ಮೊಟ್ಟೆಯ ನಾಶವನ್ನು ಆಮೆ ಎಂದೋ ತನ್ನ ಲೆಕ್ಕದೊಳಗೆ ಸೇರಿಸಿಕೊಂಡಿದೆ. ನರಿ, ನಾಯಿ, ಏಡಿ, ಹದ್ದುಗಳಿಗೆ ಪಾಲು ಕೊಟ್ಟೇ ಉಳಿದು ಬಂದಿದೆ. ಹದಿನೈದು ವರ್ಷ ದಾಟಿದ ಹೆಣ್ಣೊಂದು ಮೊದಲ ಗೂಡು ಮಾಡುವ ಮುಂಚೆ ಸತ್ತರೆ ಎರಡು ಸಾವಿರ ಮೊಟ್ಟೆ ಒಟ್ಟಿಗೇ ಹೋದಂತೆ. ಆ ನಷ್ಟ ಆಮೆಯ ಲೆಕ್ಕದಲ್ಲಿ ಇಲ್ಲ. ಅಮೆರಿಕದ ಲಾಗರ್‌ಹೆಡ್ ಆಮೆಗಳ ಬಗ್ಗೆ ಕ್ರೌಸ್, ಕ್ರೌಡರ್, ಕ್ಯಾಸ್ವೆಲ್ ಎಂಬ ಮೂವರು 1987ರಲ್ಲಿ ಪ್ರಕಟಿಸಿದ ಗಣಿತದ ಅಧ್ಯಯನ ಇದನ್ನೇ ಹೇಳಿತು: ಗೂಡಿನಲ್ಲಿ ಒಂದು ಮೊಟ್ಟೆಯೂ ಹಾಳಾಗದಂತೆ ಕಾಯ್ದರೂ, ದೊಡ್ಡ ಆಮೆಗಳು ಬಲೆಯಲ್ಲಿ ಸಾಯುವುದು ನಿಲ್ಲದಿದ್ದರೆ ಸಂತತಿ ಕುಸಿಯುತ್ತಲೇ ಹೋಗುತ್ತದೆ.

ಈಗ ನಾವು ಮಾಡುತ್ತಿರುವುದು ಏನೆಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕರಾವಳಿಯಲ್ಲಿ ನಮ್ಮ ಗಮನವೆಲ್ಲ ಮೊಟ್ಟೆಯ ಮೇಲೆ. ಗೂಡು ಸಿಕ್ಕ ಕೂಡಲೇ ಅರಣ್ಯ ಇಲಾಖೆಯವರು ಬಂದು ಅಲ್ಲೇ ಬೇಲಿ ಹಾಕುತ್ತಾರೆ, ಇಲ್ಲವೇ ಮೊಟ್ಟೆಗಳನ್ನು ಸುರಕ್ಷಿತ ಜಾಗಕ್ಕೆ ಒಯ್ಯುತ್ತಾರೆ. ಒಯ್ಯುವುದಾದರೆ ಇಟ್ಟ ಕೆಲವೇ ಗಂಟೆಗಳೊಳಗೆ, ಮೊಟ್ಟೆ ಹೇಗಿತ್ತೋ ಹಾಗೇ ಹಿಡಿದು, ಹೊರಳಿಸದೆ ಒಯ್ಯಬೇಕು. ತಡವಾದರೆ ಒಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ, ಹೊರಳಿದರೆ ಸಾಯುತ್ತದೆ. ಮರಿಗಳನ್ನು ಕಡಲಿಗೆ ಬಿಡುವ ದಿನ ಶಾಲೆಯ ಮಕ್ಕಳು ಬರುತ್ತಾರೆ. ಹಿಂದೆ ಮೊಟ್ಟೆ ಕದಿಯುತ್ತಿದ್ದ ತೀರಗಳಲ್ಲಿ ಇವತ್ತು ಮೀನುಗಾರರ ಮನೆಯವರೇ ಗೂಡಿನ ಕಾವಲಿಗೆ ನಿಲ್ಲುತ್ತಾರೆ. ಈ ಬದಲಾವಣೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದೇ ಡಿಸೆಂಬರ್-ಮಾರ್ಚ್ ತಿಂಗಳುಗಳಲ್ಲಿ, ಅದೇ ತೀರದ ಎದುರಿನ ನೀರಿನಲ್ಲಿ, ಯಾಂತ್ರಿಕ ದೋಣಿಗಳ ಬಲೆಗಳು ಎಡೆಬಿಡದೆ ಸಾಗುತ್ತಿರುತ್ತವೆ. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಟ್ರಾಲ್ ಬಲೆಯೊಳಗೆ ಸಿಕ್ಕಿ ಮೇಲೆ ಬರಲಾರದೆ ಹೋದರೆ ಮುಳುಗಿ ಸಾಯುತ್ತದೆ.

ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಅದು ಮೀನಿನ ಸಂತಾನಕ್ಕೆಂದು, ಮಳೆಗಾಲದ ಕಡಲಿನ ಅಪಾಯಕ್ಕೆಂದು ಮಾಡಿದ ನಿಯಮ. ಆಮೆ ದಡಕ್ಕೆ ಬರುವ ತಿಂಗಳು ಒಂದೂ ಅದರೊಳಗೆ ಬರುವುದಿಲ್ಲ. ಒಡಿಶಾದಲ್ಲಿ ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳಿಂದ 20 ಕಿಲೊಮೀಟರ್ ದೂರದವರೆಗೆ ನವೆಂಬರ್ 1ರಿಂದ ಮೇ 31ರ ತನಕ ಮೀನುಗಾರಿಕೆ ನಿಷೇಧವಿದೆ. ಅಷ್ಟು ಉದ್ದದ ನಿಷೇಧ ಇಲ್ಲಿ ಬೇಡ, ಸಾಧ್ಯವೂ ಅಲ್ಲ. ಒಂಟಿ ಆಮೆಗಳು ಉದ್ದಕ್ಕೂ ಹರಡಿ ಬರುವ ತೀರದಲ್ಲಿ ಅದು ಮೀನುಗಾರರ ಹೊಟ್ಟೆಯ ಮೇಲೆ ಹೊಡೆದಂತೆ. ದಾರಿ ಇರುವುದು ಬಲೆಯಲ್ಲೇ. ಬಲೆಯ ಕುತ್ತಿಗೆಯ ಭಾಗದಲ್ಲಿ ಓರೆಯಾಗಿ ಕೂರಿಸುವ ಸರಳುಗಳ ಚೌಕಟ್ಟೊಂದಿದೆ. ಮೀನು, ಸಿಗಡಿ ಸರಳಿನ ಸಂದಿಯಿಂದ ಒಳಗೆ ಹೋಗುತ್ತವೆ, ಆಮೆ ಸರಳಿಗೆ ತಾಗಿ ಪಕ್ಕದ ಕಿಂಡಿಯಿಂದ ಹೊರಬೀಳುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆ ಹೊಂದುವ ಇಂಥ ಸಾಧನವನ್ನು ರೂಪಿಸಿದೆ. ಆ ಕಿಂಡಿಯಿಂದ ಸ್ವಲ್ಪ ಮೀನೂ ಹೋಗುತ್ತದೆ ಎಂಬುದು ದೋಣಿಯವರ ತಕರಾರು. ತಕರಾರಿನಲ್ಲಿ ಸತ್ಯವಿದೆ, ಅದಕ್ಕೆ ಪರಿಹಾರ ಕೊಡುವುದು ಸರ್ಕಾರದ ಹೊಣೆ. ಆಮೆಯ ರಕ್ಷಣೆ ಸಾಲದು ಎಂಬ ಕಾರಣಕ್ಕೆ ಅಮೆರಿಕ 2019ರಿಂದ ಭಾರತದ ಕಡಲ ಸಿಗಡಿಯನ್ನು ಕೊಳ್ಳುವುದನ್ನೇ ನಿಲ್ಲಿಸಿತು. ಚೌಕಟ್ಟಿನಿಂದ ಆಗುವ ನಷ್ಟವನ್ನು ಮಾತ್ರ ಎಣಿಸಿ, ಚೌಕಟ್ಟಿಲ್ಲದೆ ಆಗುವ ಈ ನಷ್ಟವನ್ನು ಬಿಟ್ಟರೆ ಲೆಕ್ಕ ಸರಿಹೋಗುವುದಿಲ್ಲ.

ಘಟ್ಟದ ಮೇಲೆ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40-45 ದಿನದ ನಂತರ ಎಂಬುದು ಎಲ್ಲರಿಗೂ ಬಾಯಿಪಾಠ. ಮಳೆಯ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ರೋಹಿಣಿಯಲ್ಲಿ, ಎರಡನೆಯದು ಪುನರ್ವಸುವಿನ ಸುಮಾರಿಗೆ. ಬೋರ್ಡೋ ದ್ರಾವಣ ರೋಗವನ್ನು ವಾಸಿಮಾಡುವ ಮದ್ದಲ್ಲ. ಕಾಯಿಯ ಮೇಲೆ ತಾಮ್ರದ ತೆಳು ಹೊದಿಕೆ ಕಟ್ಟಿ, ಬಂದು ಬೀಳುವ ಬೀಜಕವನ್ನು ಅಲ್ಲೇ ಕೊಲ್ಲುವುದು ಅದರ ಕೆಲಸ. ಒಳಹೊಕ್ಕ ಕೊಳೆಯನ್ನು ಅದು ಮುಟ್ಟುವುದಿಲ್ಲ. ಎಲ್ಲರಿಗೂ ಗೊತ್ತಿರುವ ಈ ಮಾತು ತೋಟದಲ್ಲಿ ನಡೆಯದೆ ಇರುವುದಕ್ಕೆ ಕಾರಣ ಬೆಳೆಗಾರರ ಉದಾಸೀನವಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವುದಿಲ್ಲ. ಒಂದು ಊರಿಗೆ ಇಬ್ಬರೋ ಮೂವರೋ ಕೊನೆಗೌಡರಿದ್ದರೆ ಅವರ ಪಾಳಿ ಬರುವ ಹೊತ್ತಿಗೆ ಆರಿದ್ರಾ ಸುರಿಯುತ್ತಿರುತ್ತದೆ. ಹೊಳವಿಗಾಗಿ ಕಾದು ಕಾದು ಹೊಡೆದ ಮದ್ದು ಸಂಜೆಯ ಮಳೆಗೆ ತೊಳೆದುಹೋಗುತ್ತದೆ. ಕಾಯಿ ಉದುರಲು ಶುರುವಾದ ಮೇಲೆ ಗಾಬರಿಯಲ್ಲಿ ಮೂರನೆಯ, ನಾಲ್ಕನೆಯ ಮದ್ದು. ಹಣ ಖರ್ಚಾಗುವುದು ಅಲ್ಲಿ. ಫಲ ಅತ್ಯಂತ ಕಡಿಮೆ ಸಿಗುವುದೂ ಅಲ್ಲೇ. ನೆಲದಿಂದಲೇ ಹೊಡೆಯುವ ದೋಟಿ ಬಂದದ್ದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಮರ ಹತ್ತುವ ಅಪಾಯ ತಪ್ಪಿದ್ದು ಒಂದು, ಸಕಾಲಕ್ಕೆ ಮದ್ದು ಬಿದ್ದದ್ದು ಇನ್ನೊಂದು.

ದ್ರಾವಣದ ತಯಾರಿಕೆಯಲ್ಲೂ ಎಡವಟ್ಟುಗಳಿವೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತಣಿದ ಮೇಲೆ ಕೂಡಿಸಬೇಕು. ಸುಣ್ಣ ಹಳೆಯದಾಗಿ ಸತ್ವ ಕಳೆದಿದ್ದರೆ ತಾಮ್ರ ಬಿಡುಗಡೆಯಾಗಿ ಎಳೆಗಾಯಿ ಸುಡುತ್ತದೆ. ಮಸೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದರೆ ಸಾಕು: ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕು. ಜಡಿಮಳೆಗೆ ನಿಲ್ಲಲೆಂದು ರಾಳ ಕೂಡಿಸುತ್ತಾರೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗೆಂದು ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಪಾಕ ಇದು. ನೂರು ವರ್ಷ ದಾಟಿದರೂ ಕೊಳೆಗೆ ಇದರ ಎದುರು ಒಗ್ಗಿಕೊಳ್ಳಲು ಆಗಿಲ್ಲ, ಏಕೆಂದರೆ ತಾಮ್ರ ಒಂದೇ ಕಡೆ ಹೊಡೆಯುವುದಿಲ್ಲ. ಮೆಟಲಾಕ್ಸಿಲ್‌ನಂಥ ಹೊಸ ಮದ್ದುಗಳು ಒಳಗೆ ಇಳಿದು ಕೆಲಸಮಾಡುತ್ತವೆ. ಆದರೆ ಒಂದೇ ಮದ್ದನ್ನು ಪದೇಪದೇ ಬಳಸಿದರೆ ಫೈಟಾಫ್ತೊರಾ ಅದನ್ನು ಜಯಿಸಬಲ್ಲದು. ತಾಮ್ರದ ದೋಷ ಬೇರೆ ರೀತಿಯದು: ಅದು ಮಣ್ಣಿನಲ್ಲಿ ಕರಗಿಹೋಗದೆ ವರ್ಷದಿಂದ ವರ್ಷಕ್ಕೆ ಕೂಡುತ್ತದೆ, ನೀರಿಗಿಳಿದರೆ ಮೀನು, ಕಪ್ಪೆಗಳಿಗೆ ವಿಷ. ಮದ್ದಿನ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವ ರೂಢಿ ನಿಲ್ಲಲೇಬೇಕು.

ಮದ್ದಿಗಿಂತ ಹಳೆಯದು ಕೊಟ್ಟೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಹಾಳೆಯ ಕೊಟ್ಟೆಯನ್ನು ಕೊನೆಗೆ ಕಟ್ಟಿ ಕಾಯಿ ನೆನೆಯದಂತೆ ಮಾಡುತ್ತಿದ್ದರು. ಬೀಜಕ ಈಜಲು ನೀರೇ ಸಿಗದಂತೆ ಮಾಡುವ ಈ ಉಪಾಯ ಬೀಜಕವನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವುದಕ್ಕೂ ಮೊದಲೇ ನಮ್ಮ ಹಿರಿಯರಿಗೆ ಹೊಳೆದಿತ್ತು. ಕಟ್ಟುವ ಕೈಗಳಿಲ್ಲದೆ ಅದು ಹಿಂದೆ ಸರಿಯಿತು. ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳದ್ದು: ಬೇಸಿಗೆಯಲ್ಲಿ ಮರದಲ್ಲೇ ಒಣಗಿ ನಿಂತ ರೋಗದ ಕೊನೆಗಳನ್ನು ಇಳಿಸುವುದು, ಉದುರಿದ ಕಾಯನ್ನು ಹೆಕ್ಕಿ ಸುಡುವುದು. ಕೊಳೆ ಒಣ ತಿಂಗಳುಗಳನ್ನು ಕಳೆಯುವುದು ಅವುಗಳಲ್ಲಿ, ಮಣ್ಣಿನಲ್ಲಿ. ಚಕ್ರಬಡ್ಡಿಯ ಅಸಲು ಇರುವುದು ಅಲ್ಲೇ. ಏಪ್ರಿಲ್ ತಿಂಗಳ ಒಣ ತೋಟದಲ್ಲಿ ಕೊಳೆಯ ಬಗ್ಗೆ ಯೋಚಿಸುವ ಮನಸ್ಸು ಯಾರಿಗೂ ಬರುವುದಿಲ್ಲ, ಅದರಲ್ಲೂ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಎಲ್ಲರ ನಿದ್ದೆ ಕೆಡಿಸಿರುವಾಗ.

ಬೇರೊಂದು ಬೂಷ್ಟು ಮತ್ತು ಆಮೆ ನೇರವಾಗಿಯೇ ಎದುರಾಗುವ ಜಾಗವೂ ಒಂದಿದೆ, ಅದು ಆಮೆಯ ಗೂಡು. ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡೆಯ ಬೋವಾ ವಿಸ್ತಾ ದ್ವೀಪದಲ್ಲಿ ಲಾಗರ್‌ಹೆಡ್ ಮೊಟ್ಟೆಗಳನ್ನು ಫ್ಯುಸೇರಿಯಂ ಎಂಬ ಶಿಲೀಂಧ್ರ ಕೊಲ್ಲುತ್ತಿರುವುದನ್ನು 2010ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹಣ್ಣು, ಗೆಡ್ಡೆ, ಬೇರುಗಳನ್ನು ಕೊಳೆಸುವ ಕುಲವೇ ಅದು. ಸತ್ತ ಮೊಟ್ಟೆಯಲ್ಲಿ ನೆಲೆಯಾಗಿ ಪಕ್ಕದ ಜೀವಂತ ಮೊಟ್ಟೆಗೆ ದಾಟುತ್ತದೆ. ತೇವ ಹೆಚ್ಚಿದ, ಜಿಗುಟು ಮರಳಿನ ಗೂಡುಗಳಲ್ಲಿ ಕಾಟ ಹೆಚ್ಚು. ಮೊಟ್ಟೆಗಳನ್ನು ತಂದು ಒಂದೇ ಕಡೆ ಹೂಳುವ ಪಾಲನಾ ಕೇಂದ್ರಗಳು ವರ್ಷವರ್ಷವೂ ಅದೇ ಮರಳನ್ನು ಬಳಸಬಾರದು, ಹಳೆ ಚಿಪ್ಪು ಮತ್ತು ಕೆಟ್ಟ ಮೊಟ್ಟೆಗಳನ್ನು ತೆಗೆದು ಹಾಕಬೇಕು ಎಂಬ ನಿಯಮಕ್ಕೆ ಇದೇ ಕಾರಣ. ಉದುರಿದ ಕಾಯಿ ಹೆಕ್ಕಬೇಕೆಂದು ತೋಟದವರಿಗೆ ಹೇಳುವ ಮಾತೂ ಇದೇ. ಶಿರಸಿಯ ತೋಟಿಗನೊಬ್ಬ ಹೊನ್ನಾವರದ ಆಮೆ ಕಾಯುವವರಿಗೆ ಈ ವಿಷಯದಲ್ಲಿ ಕಲಿಸಬಲ್ಲದ್ದು ಬಹಳ ಇದೆ.

ಅವರಿಬ್ಬರ ನಡುವೆ ನದಿಗಳೂ ಇವೆ. ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಅಣೆಕಟ್ಟಿಲ್ಲದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಜಿಗಿಯುವ ಬೇಡ್ತಿ ಕೆಳಗೆ ಗಂಗಾವಳಿಯಾಗುತ್ತದೆ. ಸಿದ್ದಾಪುರದ ಅಂಚಿನ ಶರಾವತಿಯ ಮುಖದಲ್ಲೇ ಕಾಸರಕೋಡ ಟೊಂಕವಿದೆ. ಘಟ್ಟದ ಮಳೆ ಕೊಚ್ಚಿ ತಂದ ಮರಳೇ ಆಮೆ ಗುಂಡಿ ತೋಡುವ ದಂಡೆಯಾಗುತ್ತದೆ; ಅಣೆಕಟ್ಟುಗಳು ಆ ಮರಳನ್ನು ತಡೆದು ನಿಲ್ಲಿಸುತ್ತವೆ. ಬೇಡ್ತಿ-ವರದಾ ನದಿ ಜೋಡಣೆಯನ್ನು ವಿರೋಧಿಸುವ ಶಿರಸಿ, ಯಲ್ಲಾಪುರದ ಜನ ಕಾಡಿನ, ತೋಟದ ಹೆಸರಿನಲ್ಲಿ ಮಾತಾಡುತ್ತಿದ್ದಾರೆ. ಆ ಮಾತಿನೊಳಗೆ ತೀರದ ಮರಳೂ ಸೇರಬೇಕು.

ತುರ್ತಾಗಿ ಆಗಬೇಕಾದ್ದು ದಾಖಲೆ. ಹವಾಮಾನ ಆಧಾರಿತ ಬೆಳೆ ವಿಮೆಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳು ಈಗಾಗಲೇ ಇವೆ. ಮಳೆಯ ಆ ಅಂಕಿಗಳ ಪಕ್ಕದಲ್ಲಿ ಮೊದಲ ಮದ್ದು ಹೊಡೆದ ದಿನ, ಮೊದಲ ಕೊಳೆಗಾಯಿ ಉದುರಿದ ದಿನ ಎಂಬ ಎರಡು ಕಲಮುಗಳನ್ನು ಸೇವಾ ಸಹಕಾರಿ ಸಂಘಗಳು ತಮ್ಮ ಸದಸ್ಯರಿಂದ ತುಂಬಿಸಿಕೊಂಡರೆ, ಐದು ವರ್ಷದಲ್ಲಿ ಊರೂರಿನ ಕೊಳೆ ಮುನ್ಸೂಚನೆಗೆ ಬೇಕಾದ ಬುನಾದಿ ಸಿಗುತ್ತದೆ. ಕೆಳಗೆ ತೀರದಲ್ಲಿ ಗೂಡಿನ ಲೆಕ್ಕದ ಜೊತೆಗೆ ಸತ್ತು ದಡಕ್ಕೆ ಬಂದ ದೊಡ್ಡ ಆಮೆಗಳ ಲೆಕ್ಕವೂ ಬೇಕು: ಯಾವ ದಿನ, ಯಾವ ಊರಿನ ದಂಡೆ, ಚಿಪ್ಪಿನ ಉದ್ದ ಎಷ್ಟು, ಮೈಮೇಲೆ ಬಲೆಯ ಗುರುತಿದೆಯೇ. ಪ್ರಾಯದ ಗಂಡಿನ ಬಾಲ ಚಿಪ್ಪಿನಾಚೆ ಉದ್ದಕ್ಕೆ ಚಾಚಿರುತ್ತದೆ, ಹೆಣ್ಣಿನದು ಚಿಕ್ಕದು. ಗುರುತಿಸಲು ತಜ್ಞರು ಬೇಕಿಲ್ಲ. ಒಂದು ಅಳತೆಯ ಟೇಪು, ಒಂದು ವಹಿ, ಮೀನು ಇಳಿಸುವ ಧಕ್ಕೆಯಲ್ಲಿ ಅದನ್ನು ಬರೆಯುವ ಒಬ್ಬ ವ್ಯಕ್ತಿ ಇದ್ದರೆ ಈ ಡಿಸೆಂಬರಿನಿಂದಲೇ ಶುರುಮಾಡಬಹುದು.